ಹೂಂಗುಟ್ಟಿ ಕಲಿತ ಜರ್ಮನ್

ದಾಂಡೇಲಿಯ ನಮ್ಮ ಕಾಗದದ ಕಾರ್ಖಾನೆಯಿಂದ ಒಬ್ಬನನ್ನು ಆರು ತಿಂಗಳು ಜರ್ಮನಿಗೆ ಕಳಿಸುವುದೆಂದು ೧೯೬೧ರಲ್ಲಿ ಠರಾವಾಯಿತು. ಹೋಗಿಬಂದವನೇ ಹೊಸ ಮಶೀನಿಗೆ ಮುಖ್ಯಸ್ಥ. ನನಗೆ ಹೋಗುವ ಆಸೆ ಬಹಳ ಇತ್ತು, ಮುಚ್ಚಿಡುವುದೇನು? ಆದರೆ ಮ್ಯಾನೇಜರ್ ಸಾಹೇಬರು ಆರಿಸಿದ್ದು ಫೋರ್‌ಮನ್ ಮಹಾಂತಪ್ಪನನ್ನು. ಅವನಲ್ಲಿದ್ದ ಯೋಗ್ಯತೆಯೆಂದರೆ ಒಂದು ಕರೀ ಕೋಟು.

ಜರ್ಮನ್ ಕಲಿಯಲೆಂದು ಅವನ ಮನೆಗೆ ಗ್ರಾಮಫೋನು ಬಂತು, ಜೊತೆಗೆ ಪಾಠದ ಹನ್ನೆರಡು ಪ್ಲೇಟು. ಮೂರು ತಿಂಗಳಾದ ಮೇಲೆ ಜರ್ಮನಿಯ ಇಂಜಿನಿಯರ್ ಬಂದು ಪರೀಕ್ಷೆ ಮಾಡುವವನಿದ್ದ. ಮಹಾಂತಪ್ಪನ ಕ್ವಾರ್ಟರ್ಸಿಗೂ ನಮ್ಮದಕ್ಕೂ ನಡುವೆ ಒಂದೇ ಗೋಡೆ, ಹೀಗಾಗಿ ಎಲ್ಲ ಕೇಳಿಸುತ್ತಿತ್ತು.

ನಿತ್ಯ ಸಂಜೆ ಮಹಾಶಯ ಸ್ನಾನ ಮಾಡಿ, ಊದಿನಕಡ್ಡಿ ಹಚ್ಚಿ ಕೂಡುತ್ತಿದ್ದ. ಪ್ಲೇಟಿನೊಳಗಿನ ಮನುಷ್ಯ ಒಂದು ಮಾತನ್ನು ಇಂಗ್ಲಿಷಿನಲ್ಲಿ ಹೇಳಿ, ಅದನ್ನೇ ಜರ್ಮನ್ನಿನಲ್ಲಿ ಹೇಳಿ, ತುಸು ಸುಮ್ಮನಾಗುತ್ತಿದ್ದ. ಕೇಳುವವನು ತಿರುಗಿ ಅನ್ನಲಿ ಎಂದು. ಮಗ್ಗಿ ಕಲಿತ ಎಂಥವನಿಗೂ ಇದು ಹೊಳೆಯುತ್ತದೆ. ಇವನು “ಹೂಂ” ಅನ್ನುತ್ತಿದ್ದ! ಪುರಾಣ ಹೇಳುವವರು ಉಸಿರು ತೆಗೆದುಕೊಳ್ಳುವಾಗ ಹೂಂಗುಟ್ಟುತ್ತೇವಲ್ಲ, ಹಾಗೆ. ಇವನಿಗೆ ಬೇಸರವಾದ ದಿನ ತಾಯಿ ಮುದಕವ್ವ ಹೂಂಗುಟ್ಟುತ್ತಿದ್ದಳು.

“ಅಷ್ಟ ದೂರದಿಂದ ಬಂದು ಹೇಳಾಕತ್ತಾನ ಪಾಪ. ಯಾರೂ ಹೂಂ ಅನ್ನಲಿಲ್ಲಂದ್ರ ಅವಗ ಹೆಂಗ ಅನಸಬ್ಯಾಡ?” ಎಂದು ಮುದಕವ್ವ ನನ್ನ ಹೆಂಡತಿ ಮಾಲವ್ವನೆದುರು ಅಂದಿದ್ದಳಂತೆ.

ಗೋಡೆಯ ಈಚೆಗೆ ಕೂತು ನಾನು ಪ್ರತಿಯೊಂದು ಮಾತನ್ನೂ ಮಾಲವ್ವನಿಗೂ ಕೇಳದಷ್ಟು ಮೆಲ್ಲಗೆ ತಿರುಗಿ ಅನ್ನುತ್ತಿದ್ದೆ. ಮೂರು ತಿಂಗಳಿಗೆ ಹನ್ನೆರಡೂ ಪ್ಲೇಟು ಬಾಯಿಪಾಠವಾದವು. ಅವನಿಗೆ ತಿದ್ದಿ ಹೇಳಬಹುದಿತ್ತು, ಹೇಳಲಿಲ್ಲ. ಅಂಥ ಶತಮೂರ್ಖನನ್ನು ತಿದ್ದಿದರೆ ನೋಡಲು ಏನು ಉಳಿಯುತ್ತದೆ?

ಇಂಜಿನಿಯರ್ ಬಂದ. ಮಶೀನಿನ ಮುಂದೆ ನಮ್ಮೆಲ್ಲರ ಎದುರಿಗೇ ಪರೀಕ್ಷೆ. ಕೋಟು ಹಾಕಿಕೊಂಡು ನಿಂತಿದ್ದ ಮಹಾಂತಪ್ಪನಿಗೆ ಅವನು ಜರ್ಮನ್ನಿನಲ್ಲಿ ಹೆಸರು ಕೇಳಿದ.

“ಹೂಂ,” ಅಂದ ಮಹಾಂತಪ್ಪ.

ಈ ಕೆಲಸದಲ್ಲಿ ಎಷ್ಟು ವರ್ಷವಾಯಿತು ಎಂದು ಕೇಳಿದ. ಅದಕ್ಕೂ ಹೂಂ, ಅದೂ ಭಕ್ತಿಯಿಂದ ಕಣ್ಣು ಮುಚ್ಚಿ. ನಾನು ಬಾಯಿಗೆ ಅರಿವೆ ತುರುಕಿಕೊಂಡು ನಕ್ಕೆ.

ಮ್ಯಾನೇಜರರ ಮುಖ ಕಪ್ಪಿಟ್ಟಿತು. ನಮ್ಮ ಕಡೆ ತಿರುಗಿ, “ನಿಮ್ಮೊಳಗ ಬ್ಯಾರೆ ಯಾರಿಗರ ಬರತೈತೇನ್ರಪಾ? ಬಂದ್ರ ಅವನ್ನ ಕಳಸ್ತೇನಿ,” ಅಂದರು.

ಉತ್ತರ ನನ್ನ ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಮಹಾಂತಪ್ಪನ ಹಣೆಯಿಂದ ಆಗಷ್ಟೇ ಬೆವರು ಇಳಿಯುತ್ತಿತ್ತು. ಇನ್ನೊಂದಿಷ್ಟು ನೋಡೋಣವೆಂದು ನಿಂತೆ. ಅಷ್ಟರಲ್ಲಿ ಇಂಜಿನಿಯರ್ ಪುಸ್ತಕ ಮುಚ್ಚಿ ಹೊರಟೇಬಿಟ್ಟ. ಆ ಜಾಗ ಮುಂಬಯಿಯ ಯಾವನಿಗೋ ಹೋಯಿತು.

ಮನೆಗೆ ಬಂದು ಊಟಕ್ಕೆ ಕೂತು, ಎಲ್ಲವನ್ನೂ ಅಭಿನಯಿಸಿ ತೋರಿಸಿದೆ. ಮಾಲವ್ವ ರೊಟ್ಟಿ ಬಡಿಯುತ್ತ ಬಿದ್ದು ಬಿದ್ದು ನಕ್ಕಳು. ಹುರುಪಿನಲ್ಲಿ, ಅವನು ಹೇಳಬೇಕಿದ್ದ ಉತ್ತರವನ್ನೂ ಜರ್ಮನ್ನಿನಲ್ಲಿ ಪಟಪಟನೆ ಹೇಳಿಬಿಟ್ಟೆ.

ಅವಳ ಕೈ ನಿಂತಿತು. “ನಿಮಗ ಬರತಿತ್ತೇನ್ರಿ?”

“ಬರದೇನು?”

“ಸಾಹೇಬ್ರು ಕೇಳಿದಾಗ ಮತ್ತ ಯಾಕ ಹೇಳಲಿಲ್ಲ?”

“ಅಂವನ ಮಾರಿ ನೋಡಬೇಕಿತ್ತ ನೀ, ಹೆಂಗಾಗಿತ್ತು...”

ಅವಳು ನಗಲಿಲ್ಲ. ಮೂರು ತಿಂಗಳು ನಾನು ಮಹಾಂತಪ್ಪನನ್ನು ನೋಡಿದ ಹಾಗೆ ನನ್ನನ್ನು ನೋಡಿದಳು. “ಅಂವಗ ಬರಲಿಲ್ಲ, ಹೋಗಲಿಲ್ಲ,” ಅಂದು ತವೆಯ ಕಡೆ ತಿರುಗಿದಳು.

ನಾನು ಅರ್ಧ ಊಟಕ್ಕೇ ಎದ್ದೆ. ಅವಳು ಕೂಡ್ರಿ ಅನ್ನಲಿಲ್ಲ.