ಮಾನಮ್ಮ ಮಾತು ಬಿಟ್ಟದ್ದು

ಮಾನ್ವಿಯ ಕನ್ನಡ ಶಾಲೆಯಲ್ಲಿ ಎಲ್ಲರಿಗಿಂತ ಮೊದಲು ಮಗ್ಗಿ ಒಪ್ಪಿಸುತ್ತಿದ್ದ ಸೂಗಪ್ಪ ರಾಯಚೂರಿನ ಹೈಸ್ಕೂಲಿಗೆ ಬಂದವನೇ ಮೂಕನಾದ. ನಿಜಾಮರ ರಾಜ್ಯ, ಲೆಕ್ಕವೂ ಉರ್ದುವಿನಲ್ಲಿ, ಭೂಗೋಳವೂ ಉರ್ದುವಿನಲ್ಲಿ. ಗಂಡ ಸತ್ತ ಮೇಲೆ ಮಗನ ಓದೊಂದನ್ನೇ ನೆಚ್ಚಿ, ಊರು ಬಿಟ್ಟು ಬಂದು ಹತ್ತಿ ಗಿರಣಿ ಸೇರಿದ್ದ ಮಾನಮ್ಮ ಹೆದರಿದಳು. ಮೆಟ್ರಿಕ್ ಪಾಸಾಗದಿದ್ದರೆ ಅವನಿಗೂ ಗಿರಣಿಯ ಧೂಳೇ ಗತಿ.

ಅದೇ ಹೈಸ್ಕೂಲಿನ ಹನುಮಂತ್ರಾಯ ಮಾಸ್ತರರ ಮನೆಗೆ ಹೋಗಿ ಕೈಮುಗಿದಳು. ಅವರೂ ಇದೇ ಸೀಮೆಯ ದೇವದುರ್ಗದ ಕಡೆಯವರು. ಶಾಲೆಯಲ್ಲಿ ಬಾಯಲ್ಲಿ ಎಲೆಯಡಿಕೆ ಇಟ್ಟುಕೊಂಡು ಗೊಣಗಿದ ಪಾಠವನ್ನೇ ಸಂಜೆ ತಮ್ಮ ಮನೆಯ ಕಟ್ಟೆಯ ಮೇಲೆ ಬಿಡಿಸಿ ಬಿಡಿಸಿ ಹೇಳುತ್ತಿದ್ದ ಪುಣ್ಯಾತ್ಮ. ಮನೆಪಾಠವೆಂದರೆ ಅಷ್ಟೇ. ಅದಕ್ಕೆ ಪ್ರತಿಯಾಗಿ ಮಾನಮ್ಮ ದಿನಾ ಅವರ ದನದ ಕೊಟ್ಟಿಗೆ ಬಳಿದು, ಸಗಣಿಯ ಕುಳ್ಳು ತಟ್ಟಿ ಗಿರಣಿಗೆ ಹೋಗಬೇಕೆಂದು ಒಪ್ಪಂದವಾಯಿತು.

"ಇನ್ನೊಂದು ಮಾತು ಕೇಳಬೇ," ಎಂದರು ಮಾಸ್ತರರು. "ಮನ್ಯಾಗ ನೀ ಕನ್ನಡ ಮಾತಾಡಿದ್ರ ನಾ ಕಲಿಸಿದ್ದೆಲ್ಲ ಹಾಳಾಗತದ."

"ನನಗ ಉರ್ದು ಬರಂಗಿಲ್ಲಲ್ರೀ ಯಪ್ಪಾ."

"ಬರದಿದ್ರ ಸುಮ್ಮನಿರು. ನೀ ಬಾಯಿ ಮುಚ್ಚಿಕೊಂಡ್ರ ಯಾರಿಗೂ ನುಕ್ಸಾನಿಲ್ಲ."

ಬೇರೆಯವರಾಗಿದ್ದರೆ ಈ ಮಾತನ್ನು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡುತ್ತಿದ್ದರು. ಈ ಹುಚ್ಚಿ ಸೆರಗಿಗೆ ಗಂಟು ಹಾಕಿಕೊಂಡಳು. ರೊಟ್ಟಿ ಬಡಿದು ತಾಟು ಮುಂದಿಟ್ಟು ಸುಮ್ಮನೆ ಕೂಡುವಳು. ಮಗ ಜ್ವರದಿಂದ ನರಳಿದಾಗಲೂ ತಲೆ ಸವರಿದಳೇ ಹೊರತು ತುಟಿ ಬಿಚ್ಚಲಿಲ್ಲ. "ಯವ್ವಾ, ಮಾತಾಡಬೇ" ಎಂದು ಮೊದಮೊದಲು ಅಂಗಲಾಚುತ್ತಿದ್ದ ಹುಡುಗ ಬರಬರುತ್ತ ಕೇಳುವುದನ್ನೇ ಬಿಟ್ಟ. ಓಣಿಯಲ್ಲಿ ಗೆಳೆಯರೊಡನೆ ಅವನು ಅರಳು ಹುರಿದಂತೆ ಉರ್ದು ಮಾತಾಡುವುದನ್ನು ಅವಳು ಬಾಗಿಲ ಹಿಂದೆ ನಿಂತು ಕೇಳುತ್ತಿದ್ದಳು. ಒಂದಕ್ಷರ ತಿಳಿಯದಿದ್ದರೂ ಹೊಟ್ಟೆ ತುಂಬುತ್ತಿತ್ತು.

ಹೀಗೇ ಎರಡು ಮೂರು ವರ್ಷ ಕಳೆಯುವಷ್ಟರಲ್ಲಿ ನಿಜಾಮರ ಆಡಳಿತವೇ ಮುಗಿಯಿತು. ಮರುವರ್ಷ ಶಾಲೆಗೆ ಕನ್ನಡ ಬಂತು. ಸುದ್ದಿ ಕೇಳಿದ ಮಾನಮ್ಮ ಸಗಣಿ ಕೈಯಲ್ಲೇ ಹೋಗಿ ಮಾಸ್ತರರ ಮುಂದೆ ನಿಂತಳು.

"ಪರೀಕ್ಷಿ ನಮ್ಮ ಮಾತಿನ್ಯಾಗೇ ಆಗತದಂತಲ್ರೀ? ಇನ್ನ ಮನಿಪಾಠ ಯಾಕ್ರೀ?"

ಮಾಸ್ತರರು ನಕ್ಕರು. "ನಿಮ್ಮದೂ ಒಂದು ಮಾತೇನು? ಪರೀಕ್ಷಿಗೆ ಬೇಕಾದ್ದು ಪುಸ್ತಕದ ಕನ್ನಡ. ನಿನ್ನ ಮಗಗ ಮೊದಲಿಂದ ಕಲಿಸಬೇಕು. ಹೋಗು, ಕೊಟ್ಟಿಗಿ ಅರ್ಧಕ್ಕ ಬಿಟ್ಟು ಬಂದೀದಿ."

ಹೀಗೆ ಹೇಳಿದ ಬಾಯಿ ಆಡುತ್ತಿದ್ದುದೂ ಮಾನಮ್ಮನ ಮಾತನ್ನೇ. ಅದನ್ನು ಕೇಳುವ ಧೈರ್ಯ ಯಾರಿಗಿತ್ತು? ಹೋಗಲಿ, ಮಗನೊಡನೆಯಾದರೂ ಇನ್ನು ಬಾಯಿ ಬಿಚ್ಚಬಹುದಲ್ಲ ಎಂದುಕೊಂಡು ಅವಳು ಹಿಗ್ಗಿದಳು.

ಸಂಜೆ ಬಿಸಿ ರೊಟ್ಟಿ ಹಾಕಿದಳು. ಒಳಗೇ ನುಂಗಿಕೊಂಡಿದ್ದ ಇಷ್ಟೆಲ್ಲ ಮಾತುಗಳಲ್ಲಿ ಯಾವುದನ್ನು ಮೊದಲು ಆಡಬೇಕೋ ತಿಳಿಯಲಿಲ್ಲ.

"ಸೊರಗೀಯಲ್ಲೋ ನನ್ನಪ್ಪಾ," ಎಂದಳು. "ಇನ್ನೊಂದು ಹಾಕಲೇನು?"

ಸೂಗಪ್ಪ ತಾಟಿನಿಂದ ತಲೆಯೆತ್ತದೆಯೇ ಹೇಳಿದ:

"ನಿನ್ನ ಮಾತು ಕಿವಿಗೆ ಬಿದ್ರ ನನ್ನ ಕನ್ನಡ ಕೆಡತದಂತ ಮಾಸ್ತರು ಹೇಳ್ಯಾರ. ಪರೀಕ್ಷಿ ಮುಗಿಯೂತನಾ ಸುಮ್ಮನಿರು."

ಎಷ್ಟೋ ವರ್ಷಕ್ಕೆ ಮಗ ಅವಳೊಡನೆ ಕನ್ನಡದಲ್ಲಿ ಆಡಿದ ಮಾತು ಅದೊಂದೇ. ಮಾನಮ್ಮ ಹೂಂ ಎನ್ನಲೂ ಬಾಯಿ ತೆರೆಯಲಿಲ್ಲ.