ಬೇರೆಲ್ಲೋ ಅತ್ತವನು

ಗಂಡ ಅತ್ತನೆಂಬ ಸುದ್ದಿ ಅವಳಿಗೆ ಹೊರಗಿನವರಿಂದ ತಿಳಿಯಿತು.

ಅವಳ ಕೆಲಸ ಕನ್ನಡಕದ ಅಂಗಡಿಯಲ್ಲಿ. ಫ್ರೇಮಿಗೆ ಗಾಜು ಕೂರಿಸುವುದು, ಕಿವಿಯ ಹಿಂದೆ ಒತ್ತುವ ಕಡ್ಡಿಯನ್ನು ಬಗ್ಗಿಸಿ ಕೊಡುವುದು. ಅವನದು ದೊಡ್ಡಾಸ್ಪತ್ರೆಯ ಲಾಂಡ್ರಿ. ಅಲ್ಲಿನ ಸ್ಟೋರ್ ನೋಡಿಕೊಳ್ಳುವವರು ಕನ್ನಡಕದ ಸಡಿಲ ತಿರುಪು ಬಿಗಿ ಮಾಡಿಸಲು ಬಂದಿದ್ದರು.

"ಯಜಮಾನರು ಹೇಗಿದ್ದಾರಮ್ಮ ಈಗ? ನಿನ್ನೆ ಪಾಪ, ಬಿಕ್ಕಿ ಬಿಕ್ಕಿ ಅತ್ತುಬಿಟ್ಟರು."

ಅವಳ ಕೈ ನಿಂತಿತು. "ಯಾರಿಗೇನಾಯ್ತು?"

"ಅದೇ, ಆ ರ‍್ಯಾಪ್ ಹಾಡೋ ಹುಡುಗ ಹೋಗಿಬಿಟ್ಟನಲ್ಲ, ಚಿಟಿಕೆ ಅಂತ. ಮೂವತ್ತೂ ದಾಟಿರಲಿಲ್ಲವಂತೆ. ಸದ್ಯ ಬಟ್ಟೆ ಮಡಚೋವಾಗ ಅವರ ಎದುರು ನಿಲ್ಲೋಳಿದ್ದಳು, ಸಮಾಧಾನ ಮಾಡಿದಳು. ಅವಳೂ ಅಳ್ತಿದ್ದಳು ಅನ್ನಿ."

ನಿನ್ನೆ ಅವನು ಮನೆಗೆ ಬಂದು ಊಟ ಮಾಡಿದ್ದ. ತಟ್ಟೆ ತೊಳೆದಿಟ್ಟಿದ್ದ. ನಲ್ಲಿ ಸೋರುತ್ತಿದೆ, ವಾಷರ್ ಹಾಕಬೇಕು ಅಂದಿದ್ದ. ಅವನ ಅಪ್ಪ ಸತ್ತಾಗಲೂ ಅವಳೆದುರು ಅವನ ಕಣ್ಣು ಒದ್ದೆಯಾಗಿರಲಿಲ್ಲ. ಈ ಮನುಷ್ಯನಿಗೆ ಅಳುವುದೇ ಗೊತ್ತಿಲ್ಲ ಎಂದುಕೊಂಡು ಇಷ್ಟು ವರ್ಷ ಸುಮ್ಮನಿದ್ದಳು. ಗೊತ್ತಿತ್ತು. ಬೇರೆ ಕಡೆ ಅಳುತ್ತಿದ್ದ, ಅಷ್ಟೆ.

ಎದುರಿನವಳನ್ನು ಅವಳು ನೋಡಿರಲಿಲ್ಲ, ಕೇಳಿದ್ದಳು. ಆಸ್ಪತ್ರೆಯ ದೊಡ್ಡ ಹಾಸುಗಳನ್ನು ಒಬ್ಬರೇ ಮಡಚಲಾಗುವುದಿಲ್ಲ. ಇಬ್ಬರು ಎದುರುಬದುರು ನಿಂತು ಎರಡೆರಡು ತುದಿ ಹಿಡಿದು ಝಾಡಿಸಬೇಕು, ನಡೆದು ಹತ್ತಿರ ಬಂದು ತುದಿಗೆ ತುದಿ ಸೇರಿಸಬೇಕು, ಮತ್ತೆ ಹಿಂದೆ ಸರಿಯಬೇಕು. ದಿನವಿಡೀ ಅದೇ. ತನ್ನ ಎದುರಿನ ತುದಿ ಹಿಡಿಯುವವಳ ಹೆಸರನ್ನು ಅವನು ಹೇಳಿದ್ದೇ ಇಲ್ಲ. ಎದುರಿನವಳು ಇವತ್ತು ರಜ, ಎದುರಿನವಳಿಗೆ ಬೆನ್ನುನೋವು ಎನ್ನುವನು, ಬಸ್ಸು ತಡವಾಯಿತು ಎನ್ನುವ ಧಾಟಿಯಲ್ಲಿ. ಆ ಧಾಟಿಯನ್ನು ನಂಬಿ ಅವಳು ನಿಶ್ಚಿಂತೆಯಾಗಿದ್ದಳು.

ಸಂಜೆ ಅವನು ನಲ್ಲಿ ಬಿಚ್ಚುತ್ತ ಕೂತಿದ್ದಾಗ ಕೇಳಿದಳು.

"ಚಿಟಿಕೆ ಹೋಗಿಬಿಟ್ಟನಂತೆ?"

"ಹೂಂ. ಹಾರ್ಟು."

"ನೀವು ಹೇಳಲೇ ಇಲ್ಲ."

"ನಿಂಗೆ ಹೇಳಿ? ಕಂಡಕ್ಟರು ಚಿಲ್ಲರೆಗೆ ಜಗಳ ಆಡೋ ಹಾಗಿದೆ ಇವನ ಹಾಡು ಅಂದವಳು ನೀನು."

ಅಂದಿದ್ದು ನಿಜ. ಮನೆಗೆ ಬಂದ ನಾದಿನಿ ಬಿದ್ದು ಬಿದ್ದು ನಕ್ಕಿದ್ದಳು, ಅವನೂ ನಕ್ಕಿದ್ದ. ಮಾರನೇ ವಾರ ಇಯರ್‌ಫೋನ್ ಕೊಂಡು ತಂದ. ಮನೆಯಲ್ಲಿ ಸದ್ದಡಗಿತೆಂದು ಅವಳಿಗೆ ಖುಷಿಯೇ ಆಗಿತ್ತು.

"ಲಾಂಡ್ರಿಯಲ್ಲಿ ಅತ್ತಿರಂತೆ. ಇಲ್ಲಿ ಯಾಕೆ ಅಳಲಿಲ್ಲ?"

ಅವನು ಹಳೆಯ ವಾಷರ್ ಕಿತ್ತು ಪಕ್ಕಕ್ಕಿಟ್ಟ. ಸುಳ್ಳು ಹೇಳುವವನಲ್ಲ ಅವನು, ಅದೇ ತೊಂದರೆ. "ಇಲ್ಲಿಗೆ ಬರೋ ಹೊತ್ತಿಗೆ ಮುಗಿದಿತ್ತು."

ಎಲ್ಲರೂ ಉಂಡೆದ್ದ ಮನೆಗೆ ಹಸಿದುಕೊಂಡು ಹೋದಂತಾಯಿತು ಅವಳಿಗೆ.

ಮರುದಿನದಿಂದ ಅಂಗಡಿಯ ಹಿಂದಿನ ಕೋಣೆಯಲ್ಲಿ, ಗಾಜು ಉಜ್ಜುವ ಯಂತ್ರದ ಪಕ್ಕ ಕೂತು, ಚಿಟಿಕೆಯ ಹಾಡುಗಳನ್ನು ಕೇಳತೊಡಗಿದಳು. ಗಂಡನ ಜೇಬು ತಡಕಿದ ಹಾಗೆಯೇ ಕೇಳಿದಳು. ಈ ಸಾಲಿಗೆ ಇಬ್ಬರೂ ಮುಖ ಮುಖ ನೋಡಿಕೊಂಡು ನಕ್ಕಿರಬಹುದೇ? ಈ ತಾಳಕ್ಕೆ ಹೆಜ್ಜೆ ಹಾಕಿ ಹತ್ತಿರ ಬರುತ್ತಿದ್ದರೇ?

ಮಾಲೀಕರ ಸೊಸೆ ಟೀ ತಂದವಳು ಫೋನಿನ ಪರದೆ ನೋಡಿ ಬಾಯಿಗೆ ಕೈ ಇಟ್ಟುಕೊಂಡಳು. "ಅಕ್ಕಾ, ನೀವು ಚಿಟಿಕೆ ಕೇಳ್ತೀರಾ? ಸತ್ತ ಮೇಲೆ ಹುಟ್ಕೊಂಡ ಅಭಿಮಾನಿಗಳನ್ನ ನಮ್ಮ ಗುಂಪಲ್ಲಿ ಸೇರಿಸಲ್ಲ, ಹೇಳಿರ್ತೀನಿ."

"ನಿಮ್ಮ ಗುಂಪು ಯಾರಿಗೆ ಬೇಕು ಮಾರಾಯ್ತಿ. ನನ್ನ ಗಂಡನ ಗುಂಪಲ್ಲಿ ಜಾಗ ಸಿಕ್ಕಿದ್ರೆ ಸಾಕಾಗಿದೆ."

ಒಂದು ಮಧ್ಯಾಹ್ನ ಹಳೆಯ ಹಾಡೊಂದು ಸಿಕ್ಕಿತು. ಕೇಳಿದವರು ಕಡಿಮೆ, ಧ್ವನಿಯೂ ಅಷ್ಟು ಸ್ಪಷ್ಟವಿಲ್ಲ. ಅಣ್ಣನಿಗೆ ಹೊಸ ಬೂಟು ತಂದರು, ನನಗೆ ಅವನ ಹಳೆಯದು ಎಂದು ಶುರುಮಾಡುತ್ತಾನೆ. ಗೆಳೆಯನಿಗೆ ಬಿದ್ದ ಚಪ್ಪಾಳೆ, ಪಕ್ಕದಲ್ಲಿ ಮಲಗಿದವಳಿಗೆ ಹತ್ತಿದ ನಿದ್ದೆ, ಎಲ್ಲದರ ಮೇಲೂ ಅವನಿಗೆ ಹೊಟ್ಟೆಕಿಚ್ಚು. ಹೌದು, ನನಗೆ ಹೊಟ್ಟೆಕಿಚ್ಚು, ಏನೀಗ ಎಂದು ಮತ್ತೆ ಮತ್ತೆ ಕೇಳುತ್ತಾನೆ. ಇದನ್ನು ಇಷ್ಟು ರಾಜಾರೋಷವಾಗಿ ಹೇಳಿದವರನ್ನು ಅವಳು ಕಂಡಿರಲಿಲ್ಲ. ನಗು ಬಂತು. ಮತ್ತೆ ಹಾಕಿದಳು. ಐವತ್ತಾದ ಮೇಲೆ ಇವನ ಹೊಟ್ಟೆಕಿಚ್ಚು ಹೇಗಿರುತ್ತಿತ್ತು, ಅದನ್ನೂ ಹೀಗೆಯೇ ಹಾಡುತ್ತಿದ್ದನೇ ಎಂದು ಯೋಚಿಸಿದಳು. ಆ ಹಾಡು ಇನ್ನು ಬರುವುದಿಲ್ಲ. ಗಿರಾಕಿ ಕೂಗಿದರೂ ಎದ್ದು ಹೋಗಲಾಗದೆ ಸೆರಗಿನಿಂದ ಮುಖ ಒರೆಸಿಕೊಂಡಳು.

ಭಾನುವಾರ ಅಭಿಮಾನಿಗಳೆಲ್ಲ ಮೇಲ್ಸೇತುವೆಯ ಕೆಳಗೆ ಸೇರುವುದೆಂದಾಯಿತು. ಅಲ್ಲಿನ ಕಂಬದ ಮೇಲೆ ಯಾರೋ ಚಿಟಿಕೆಯ ಮುಖ ಬರೆದಿದ್ದರು.

"ನಾನೂ ಬರ್ತೀನಿ," ಗಂಡನಿಗೆ ಅಂದಳು.

"ನಿಂತೇ ಇರಬೇಕಾಗುತ್ತೆ. ನಿಂಗೆ ಬೇಜಾರು."

"ನಂಗೂ ಕಾಲಿವೆ."

ಕಂಬದ ಬಳಿ ಕಾಯುತ್ತಿದ್ದ ಎದುರಿನವಳನ್ನು ಅವಳು ಅಡಿಯಿಂದ ಮುಡಿಯವರೆಗೆ ನೋಡಿದಳು. ಚೆಲುವೆಯಲ್ಲ. ವಯಸ್ಸಿನಲ್ಲಿ ತನಗಿಂತ ದೊಡ್ಡವಳೇ ಇರಬೇಕು. ಬ್ಲೀಚಿಗೆ ಬಿರಿದ ಕೈಗಳು, ಹಿಮ್ಮಡಿ ಸವೆದ ಚಪ್ಪಲಿ. ಚೆಲುವೆಯಾಗಿದ್ದರೆ ಲೆಕ್ಕ ಸುಲಭವಿತ್ತು: ಗಂಡಸರ ಬುದ್ಧಿಯೇ ಇಷ್ಟು ಎಂದು ಬೈದು ಹಗುರಾಗಬಹುದಿತ್ತು. ಈಗ ಬೈಯಲು ಏನೂ ಉಳಿಯಲಿಲ್ಲ.

"ನಿಮ್ಮ ವಿಷಯ ಬಹಳ ಹೇಳ್ತಿರ್ತಾರೆ ಅಕ್ಕ."

"ಏನಂತ?"

"ನಿಮಗೆ ಇವನ ಹಾಡು ಆಗಿಬರಲ್ಲ ಅಂತ," ಎಂದು ಆಕೆ ಮುಗ್ಧವಾಗಿ ನಕ್ಕಳು.

ಸ್ಪೀಕರಿನಲ್ಲಿ ಎಲ್ಲರಿಗೂ ಗೊತ್ತಿದ್ದ ಹಾಡು ಶುರುವಾಯಿತು. ನೂರಾರು ಜನ ಒಟ್ಟಿಗೆ ದನಿಗೂಡಿಸಿದರು. ಗಂಡ ಮತ್ತು ಎದುರಿನವಳು ಅಕ್ಕಪಕ್ಕ ನಿಂತಿದ್ದರು, ಮುಖ ನೋಡಿಕೊಳ್ಳಲಿಲ್ಲ, ಮಾತಾಡಲಿಲ್ಲ. ಆದರೆ ತಾಳ ಏರುತ್ತಿದ್ದ ಹಾಗೆ ಅವನ ಬೆರಳುಗಳು ಗಾಳಿಯಲ್ಲಿ ಏನನ್ನೋ ಚಿವುಟಿ ಹಿಡಿದವು, ಎತ್ತಿದವು, ಸೇರಿಸಿದವು. ಅದೇ ಕ್ಷಣಕ್ಕೆ ಆಕೆಯ ಬೆರಳುಗಳೂ. ಬಟ್ಟೆಯಿಲ್ಲದೆ ಮಡಚುತ್ತಿದ್ದರು, ಇಬ್ಬರಿಗೂ ಅದರ ಅರಿವಿರಲಿಲ್ಲ. ಅವರು ಕೈ ಕೈ ಹಿಡಿದು ನಿಂತಿದ್ದರೂ ಅವಳಿಗೆ ಇಷ್ಟು ಉರಿಯುತ್ತಿರಲಿಲ್ಲವೇನೋ.

ಆಮೇಲೆ ಒಂದೆರಡು ಹಾಡು ಕಳೆದು, ಆ ಹಳೆಯ ಹಾಡು ಬಂತು. ಯಾರಿಗೂ ಅಷ್ಟು ಪರಿಚಯವಿಲ್ಲ. ಜನ ನೀರು ಕುಡಿದರು, ಫೋನು ನೋಡಿಕೊಂಡರು. ಗಂಡ ಗಡಿಯಾರ ನೋಡಿದ. ಅಣ್ಣನ ಬೂಟಿನ ಸಾಲು ಬರುತ್ತಿದ್ದಂತೆ ಅವಳಿಗೆ ಅಳು ಬಂತು. ತಡೆದುಕೊಳ್ಳೋಣವೆಂದರೆ ಆಗಲಿಲ್ಲ, ಗೊಳೋ ಎಂದು ಅತ್ತುಬಿಟ್ಟಳು. ಹುಡುಗನಿಗಾಗಿಯೇ ಅತ್ತಳು. ಬೇರೆಯದೂ ಒಂದಿಷ್ಟು ಸೇರಿರಬಹುದು.

ತಕ್ಷಣ ಅವಳನ್ನು ತಬ್ಬಿದ್ದು ಎದುರಿನವಳು. "ಅಳಿ ಅಕ್ಕ, ಅತ್ತುಬಿಡಿ. ಹೊಟ್ಟೆಯಲ್ಲಿಟ್ಟುಕೋಬೇಡಿ." ಆ ಒರಟು ಅಂಗೈ ಬೆನ್ನಿನ ಮೇಲೆ ಆಡಿತು. ಹಿತವಾಗಿತ್ತು. ಹಿತವಾಗಿದೆಯಲ್ಲ ಎಂದು ಅವಳಿಗೆ ಸಿಟ್ಟೂ ಬಂತು.

ಕಣ್ಣು ಬಿಟ್ಟಾಗ ಗಂಡ ನಾಲ್ಕು ಮಾರು ದೂರ ನಿಂತಿದ್ದ. ಕಾದಿರಿಸಿದ ಸೀಟಿನಲ್ಲಿ ಬೇರೆಯವರು ಕೂತದ್ದನ್ನು ಕಂಡವನ ಮುಖ.

ಹಿಂದಿರುಗುವಾಗ ಬಸ್ಸಿನಲ್ಲಿ ಅವನು ಟಿಕೆಟ್ ತೆಗೆದ, ಚಿಲ್ಲರೆ ಎಣಿಸಿದ. ಆಮೇಲೆ, "ಆ ಹಾಡು ನಿಂಗೆ ಹೇಗೆ ಗೊತ್ತು?"

"ಕೇಳಿದ್ದೆ."

"ನಾನೇ ಸರಿಯಾಗಿ ಕೇಳಿಲ್ಲ ಅದನ್ನ. ಯಾರು ಕೇಳಿಸಿದ್ದು?"

"ಯಾರೂ ಇಲ್ಲ. ನಾನೇ."

"ಸುಮ್ನೆ ಯಾರಾದ್ರೂ ಹಾಗೆ ಅಳ್ತಾರಾ? ಹೇಳು, ನಾನೇನೂ ಅಂದುಕೊಳ್ಳಲ್ಲ. ಯಾರ ಜೊತೆ ಕೇಳ್ತಿದ್ದೆ?"

ಗಾಜು ಉಜ್ಜುವ ಯಂತ್ರದ ಜೊತೆ ಎನ್ನಬಹುದಿತ್ತು. ಅವನು ನಕ್ಕುಬಿಡುತ್ತಿದ್ದ, ಅಲ್ಲಿಗೆ ಮುಗಿಯುತ್ತಿತ್ತು. ಅವನು ಅವಳ ಕಡೆ ಪೂರ್ತಿ ತಿರುಗಿ ಕೂತಿದ್ದ; ಹೀಗೆ ತಿರುಗಿ ಕೂತು ಎಷ್ಟು ಕಾಲವಾಯಿತೋ. ಅವಳು ಕಿಟಕಿಯ ಗಾಜು ಸರಿಸಿ ಹೊರಗೆ ನೋಡಿದಳು. ಅವರ ನಿಲ್ದಾಣ ಇನ್ನೂ ದೂರವಿತ್ತು.