ದೊಡ್ಡಪ್ಪ ಕೊಟ್ಟ ಮಾತು

"ಅಯ್ಯೋ, ಬಾಲ!" ಎಂದು ಕೂಗಿದ ಬಡಗಿ ಸುತ್ತಿಗೆ ಬಿಸಾಡಿ ತಲೆ ಮೇಲೆ ಕೈ ಹೊತ್ತು ಕುಳಿತ. "ಅಕ್ಕಾ, ಕೊಂಬಿನ ತುದಿಯಿಂದ ಹಿಮ್ಮಡಿವರೆಗೂ ಅಳೆದಿದ್ದೆ. ಬಾಲ ಮರ್ತೇ ಹೋಯ್ತು!"

ಕೋಟೆಯ ಅಂಗಳದಲ್ಲಿ ಚಟ್ಟ ಸಿದ್ಧವಾಗುತ್ತಿತ್ತು. ಆನೆ ಗಾತ್ರದ ಮೈ, ಮೊಳದುದ್ದ ಕೋರೆ. ಇಂಥ ರಕ್ಕಸನ ಬಾಲ ಮರೆಯುವುದೆಂದರೆ! ಬೇರೆ ಊರಿನ ಬಡಗಿಯಾಗಿದ್ದರೆ ಅವನಿಗೆ ಮೊದಲು ಕಾಣುತ್ತಿದ್ದುದೇ ಅದು. ಈ ಊರಿಗೆ ಮಾತ್ರ ಅವನು ಮೂವತ್ತು ವರ್ಷದಿಂದ ಬರೀ ದೊಡ್ಡಪ್ಪ, ಕೋಟೆಯ ದಳಪತಿ. ನಿನ್ನೆ ಸಂಜೆ ಮುಪ್ಪಿನಿಂದ ಹಾಸಿಗೆಯಲ್ಲೇ ಹೋಗಿದ್ದ. ಅವನ ಜೊತೆಗೇ ಕಾದಾಡಿ ಒಂದು ಕೈ ಕಳೆದುಕೊಂಡಿದ್ದ ಅಕ್ಕ, ಅವನ ಉಪದಳಪತಿ, ಬೆಳಗಿನಿಂದ ಮೊದಲ ಸಲ ನಕ್ಕಳು. ನಗುತ್ತಲೇ ಕಣ್ಣೊರೆಸಿಕೊಂಡಳು.

"ಬಾಲ ಸುತ್ತಿ ಪಕ್ಕಕ್ಕಿಟ್ರೆ ಆಯ್ತಪ್ಪ," ಎಂದ ಊರ ಯಜಮಾನ.

"ಬಾಲ ಮುದುರಿ ಕಳಿಸೋದಾ? ಬದುಕಿದ್ದಾಗ ಒಂದಿನ ಮುದುರಿದ್ನಾ ಅವ್ನು?" ಅಕ್ಕ ಗದರಿದಳು. "ಹಲಗೆ ಸೇರ್ಸಪ್ಪಾ, ಅಳ್ತಾ ಕೂರ್ಬೇಡ."

*

ದೊಡ್ಡಪ್ಪ ಬಂದದ್ದು ಬಾಗಿಲು ಕಾಯುವ ಆಳಾಗಿ. ಹೆದರಿ ಯಾರೂ ಹತ್ತಿರ ಸುಳಿಯುತ್ತಿರಲಿಲ್ಲ. ಆ ವರ್ಷವೇ ಎದುರು ಬೆಟ್ಟದವರು ದಂಡೆತ್ತಿ ಬಂದರು. ಮೂರನೆಯ ದಿನ ಮಧ್ಯಾಹ್ನ ಅವರಲ್ಲೊಬ್ಬ ಬರಿಗೈಯಲ್ಲಿ ಬಾಗಿಲ ಬಳಿ ಬಂದು, "ಸತ್ತಿರೋ ನಮ್ಮೋರನ್ನ ಎತ್ಕೊಂಡು ಹೋಗ್ತೀವಿ, ಸೂರ್ಯ ಮುಳುಗೋವರೆಗೆ ಬಿಡಿ," ಎಂದ.

"ಎತ್ಕೊಳ್ಳಿ. ನಾನು ಮಾತು ಕೊಟ್ಟೆ," ಎಂದುಬಿಟ್ಟ ರಕ್ಕಸ.

ಆಗಿನ ದಳಪತಿಗೆ ಇದು ಬಾಯಿಗೆ ಬಂದ ತುತ್ತು. ಹೆಣ ಎತ್ತಲು ಬಗ್ಗಿದವರ ಮೇಲೆ ಬೀಳಿ ಎಂದು ಅಪ್ಪಣೆ ಕೊಟ್ಟ. ರಕ್ಕಸ ಬಾಗಿಲಿಗೆ ಅಡ್ಡ ಕುಳಿತ, ಶತ್ರುವಿಗೆ ಬೆನ್ನು ಹಾಕಿ, ತನ್ನವರಿಗೆ ಮುಖ ಮಾಡಿ.

"ನಿನ್ನ ಮಾತಿಗೇನೋ ಬೆಲೆ, ಮೃಗ?"

"ನನ್ಹತ್ರ ಇರೋದು ಅದೊಂದೇ, ಒಡೆಯಾ. ಹೋಗೋರು ನನ್ನ ಕೊಂದು ಹೋಗಿ."

ದಳಪತಿ ಎರಡು ಸಲ ಕತ್ತಿ ಬೀಸಿದ. ರಕ್ಕಸ ಕೈ ಎತ್ತಲಿಲ್ಲ, ಜಾಗವನ್ನೂ ಬಿಡಲಿಲ್ಲ. ರಕ್ತ ಹೊಸ್ತಿಲ ಮೇಲೆ ಹರಿಯಿತು. ಆಗ ಇಪ್ಪತ್ತರ ಹುಡುಗಿಯಾಗಿದ್ದ ಅಕ್ಕ ಕತ್ತಿಯನ್ನು ಒರೆಗೆ ಸೇರಿಸಿ, ಹೋಗಿ ಅವನ ಪಕ್ಕ ಕುಳಿತಳು. ಆಮೇಲೆ ಇನ್ನೊಬ್ಬ, ಮತ್ತೊಬ್ಬ. ಹೊತ್ತು ಮುಳುಗುವಷ್ಟರಲ್ಲಿ ದಳಪತಿಯ ಹಿಂದೆ ಒಬ್ಬರೂ ಉಳಿದಿರಲಿಲ್ಲ. ಮರುದಿನ ಮತ್ತೆ ಯುದ್ಧವಾಯಿತು, ಆದರೆ ದಂಡು ಕಾದದ್ದು ರಕ್ಕಸನ ಅಪ್ಪಣೆಗೆ.

*

ಚಟ್ಟಕ್ಕೆ ನಲವತ್ತು ಹೆಗಲಾದರೂ ಬೇಕಿತ್ತು. ದಳಪತಿಯನ್ನು ಹೊರುವವರು ಕತ್ತಿ ಕಟ್ಟಿದವರೇ ಆಗಬೇಕೆಂಬುದು ಕಟ್ಟಳೆ; ಅಕ್ಕನೂ ಸೇರಿ ಕಾವಲಿನವರೆಲ್ಲ ಮೂವತ್ತೊಂದೇ. ಎರಡು ಸಲ ಪ್ರಯತ್ನಿಸಿದರೂ ಅದು ನೆಲ ಬಿಡಲಿಲ್ಲ. ಅಷ್ಟರಲ್ಲಿ ಬುರುಜಿನಿಂದ ಕೂಗು ಬಂತು: "ಎದುರು ಬೆಟ್ಟದವ್ರು ಬರ್ತಿದಾರೆ! ಹತ್ತಿಪ್ಪತ್ತು ಜನ!"

"ಬಾಗಿಲು ಹಾಕ್ಸಮ್ಮ," ಯಜಮಾನ ಅವಸರಿಸಿದ. "ದೊಡ್ಡಪ್ಪ ಇಲ್ಲ ಅಂತ ಗೊತ್ತಾಗಿದೆ. ಇವತ್ತೇ ನಮ್ಮನ್ನ ಮುಗಿಸಿಬಿಡ್ತಾರೆ."

ಎಲ್ಲರೂ ಅಕ್ಕನ ಮುಖ ನೋಡಿದರು. ಇಷ್ಟು ವರ್ಷ ಅವಳು 'ಏನು ಮಾಡ್ಲಿ?' ಎಂದು ಕೇಳಿದ್ದು ಒಬ್ಬನನ್ನೇ. ಈಗ ಎಡವಿದರೆ ಊರೇ ಬೂದಿ. ಅಕ್ಕ ಬುರುಜು ಹತ್ತಿ ಬಗ್ಗಿ ನೋಡಿದಳು. ಮುಂದೆ ನಿಂತಿದ್ದವನು ಹಣ್ಣು ಹಣ್ಣು ಮುದುಕ.

"ಏನು ಬೇಕಿತ್ತು?"

"ಹೆಗಲು ಕೊಡೋಕೆ ಬಂದ್ವಿ, ತಾಯಿ. ಅವತ್ತು ಇಲ್ಲಿಂದ ನನ್ನ ಮಗನ್ನ ಎತ್ಕೊಂಡು ಹೋಗಿದ್ದೆ. ಸೂರ್ಯ ಮುಳುಗೋವರೆಗೆ ನಮ್ಮನ್ನ ಬಿಡಿ."

"ನಂಬಬೇಡಮ್ಮ!" ಎಂದ ಯಜಮಾನ ಕೆಳಗಿನಿಂದ.

"ಬಾಗಿಲು ತೆಗೀರಿ. ನಾನು ಮಾತು ಕೊಟ್ಟೆ," ಎಂದಳು ಅಕ್ಕ. ಅಷ್ಟು ಗಟ್ಟಿ ದನಿ ತನ್ನದೇ ಎಂದು ಅವಳಿಗೇ ಹೆಮ್ಮೆಯಾಯಿತು.

ಬಂದವರು ಕತ್ತಿ ಬಿಚ್ಚಿ ಬಾಗಿಲ ಹೊರಗೆ ಇಟ್ಟರು. ಅಕ್ಕ ತನ್ನದನ್ನೂ ಬಿಚ್ಚಿ ಅಲ್ಲೇ ಇಟ್ಟಳು, ಅವಳ ಹಿಂದೆ ಮೂವತ್ತೂ ಮಂದಿ ಇಟ್ಟರು. ಮುದುಕ ಅವಳ ಪಕ್ಕದಲ್ಲೇ ಹೆಗಲು ಕೊಟ್ಟ. ಚಟ್ಟ ಮೇಲೆದ್ದಿತು.

ಊರಿಗೆ ಊರೇ ಹಿಂದೆ ನಡೆಯಿತು. ನಡುಮಧ್ಯಾಹ್ನದ ಬಿಸಿಲಲ್ಲಿ ಕೋಟೆಯ ಬಾಗಿಲು ಅಗಲವಾಗಿ ತೆರೆದೇ ಇತ್ತು, ಕಾಯಲು ಒಬ್ಬರೂ ಇರಲಿಲ್ಲ. ಎರಡೂ ಕಡೆಯವರ ಕತ್ತಿಗಳು ಒಂದೇ ರಾಶಿಯಲ್ಲಿ ಬಿದ್ದಿದ್ದವು.